ಅಪ್‌ಡೇಟ್: ಎಂಸಿಬಿ ದೊಡ್ಡದು ಹಾಕಿಸಲಿಲ್ಲ, ಲೈನ್ ಬೇರೆ ಮಾಡಿಸಿದೆವು

ರಾಯಚೂರಿನ ನಮ್ಮ ಮನೆಯಲ್ಲಿ ಸಂಜೆ ಹೊತ್ತು 16 ಆಂಪ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತದೆ, ಎಲೆಕ್ಟ್ರಿಷಿಯನ್ 32 ಆಂಪ್‌ದು ಹಾಕೋಣ ಅಂತಾರೆ, ಹಾಕಿಸಬಹುದಾ ಅಂತ ಇಲ್ಲಿ ಕೇಳಿದ್ದೆ. ಬೇಡವೇ ಬೇಡ, ಮೊದಲು ಲೋಡ್ ಕೂಡಿಸಿ ನೋಡು ಅಂದ ಅಣ್ಣಂದಿರಿಗೆಲ್ಲ ಮನಸಾರೆ ಧನ್ಯವಾದ.

ಕೂಡಿಸಿದೆ. ಎಸಿ 1,650 ವ್ಯಾಟ್, ಇಂಡಕ್ಷನ್ ಒಲೆ 2,000, ಇಸ್ತ್ರಿಪೆಟ್ಟಿಗೆ 1,000, ನೀರಿನ ಮೋಟರ್ ಸುಮಾರು 1,000. ಒಟ್ಟು 5,650. ಇದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 25 ಆಂಪ್. ಇಷ್ಟೂ ಒಂದೇ 2.5 ಚದರ ಮಿ.ಮೀ. ವೈರಿನ ಮೇಲೆ! ಎಂಸಿಬಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಅಡುಗೆಮನೆಯ ಸಾಕೆಟ್ ಬಿಚ್ಚಿಸಿದಾಗ ಎದೆ ಧಸಕ್ಕೆಂದಿತು. ನ್ಯೂಟ್ರಲ್ ವೈರಿನ ಕಪ್ಪು ಹೊದಿಕೆ ಸ್ಕ್ರೂ ಹತ್ತಿರ ಒಣಗಿ, ಉಗುರು ತಾಗಿಸಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. 32 ಆಂಪ್ ಹಾಕಿದ್ದರೆ ಎಂಸಿಬಿ ಬೀಳುತ್ತಿರಲಿಲ್ಲ, ಗೋಡೆಯೊಳಗೆ ವೈರು ಸುಡುತ್ತಿತ್ತು. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪೈಪಿನೊಳಗಿನ ವೈರು ಹೊರುವ ಕರೆಂಟು ಆ ಕಾವಿಗೆ ಇನ್ನೂ ಕಮ್ಮಿಯಾಗುತ್ತದೆ. ಈ ಮಾತು ಇಲ್ಲಿ ಎಲ್ಲರಿಗೂ ಗೊತ್ತಿರಬೇಕು.

ಈಗ ಬೇರೆ ಎಲೆಕ್ಟ್ರಿಷಿಯನ್ ಬಂದು ಎಸಿಗೆ 4 ಚದರ ಮಿ.ಮೀ. ವೈರು, 20 ಆಂಪ್ ಎಂಸಿಬಿ ಪ್ರತ್ಯೇಕ ಕೊಟ್ಟರು. ಇಂಡಕ್ಷನ್‌ಗೂ ಬೇರೆ ಲೈನ್. ಸುಟ್ಟ ಸಾಕೆಟ್, ವೈರು ಎರಡೂ ಹೊಸವು. ಆರ್‌ಸಿಸಿಬಿ ಕೂಡ ಹಾಕಿಸಿದೆ; ಕರೆಂಟು ಸೋರಿದರೆ ಅದು ಲೈನ್ ಕಡಿದು ಶಾಕ್‌ನಿಂದ ಕಾಯುತ್ತದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಮೀಟರಿನ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಮಾತ್ರ; ಹೆಚ್ಚಿಸಲು ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಟ್ಟಿದ್ದೇನೆ. ಅದು ಆಗುವವರೆಗೆ ಮೋಟರ್ ಬೆಳಿಗ್ಗೆಯೇ ಹಾಕುತ್ತೇವೆ.