ಸ್ಪಿನ್-ಅರ್ಧದ ತಿರುಗುವಿಕೆ: ಈ ಮೈನಸ್ ಎಲ್ಲಿಂದ ಬರುತ್ತಿದೆ?

ಸುಳಿಗಾಳಿ:
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಪೈಥಾನ್‌ನಲ್ಲಿ ಒಂದು ಫಂಕ್ಷನ್ ಬರೆದಿದ್ದೇನೆ, 3×3 ತಿರುಗುವಿಕೆಯ ಮ್ಯಾಟ್ರಿಕ್ಸ್ ಕೊಟ್ಟರೆ ಅದರಿಂದ ಅಕ್ಷ, ಕೋನ ತೆಗೆದು ಸ್ಪಿನ್-ಅರ್ಧದ (ಎಲೆಕ್ಟ್ರಾನ್, ನ್ಯೂಟ್ರಾನ್‌ನಂಥ ಕಣಗಳ) 2×2 ಯೂನಿಟರಿ (ಉದ್ದ ಬದಲಿಸದ) ಮ್ಯಾಟ್ರಿಕ್ಸ್ ಕೊಡುತ್ತದೆ. ಎರಡು ತಿರುಗುವಿಕೆಗಳನ್ನು ಮೊದಲೇ ಗುಣಿಸಿ ಕೊಟ್ಟರೂ, ಬೇರೆ ಬೇರೆ ಕೊಟ್ಟು ಆಮೇಲೆ ಗುಣಿಸಿದರೂ ಉತ್ತರ ಒಂದೇ ಬರಬೇಕು ಅಲ್ವಾ? ಕೆಲವು ಸಲ ಬರುತ್ತದೆ. ಕೆಲವು ಸಲ ಇಡೀ ಮ್ಯಾಟ್ರಿಕ್ಸ್ ಮೈನಸ್ ಆಗಿರುತ್ತದೆ. ಸ್ಪಿನ್-1ಕ್ಕೆ ಇದೇ ಟೆಸ್ಟ್ ಒಂದು ಸಲವೂ ಫೇಲ್ ಆಗಿಲ್ಲ. ದಶಮಾಂಶದ ತೊಂದರೆ ಅಂದುಕೊಂಡು ಟಾಲರೆನ್ಸ್ ಜಾಸ್ತಿ ಮಾಡಿದೆ, ಸುಮ್ನೆ ಟೈಮ್ ಹಾಳಾಯಿತು.

ಬುಗುರಿ:
ಕೋಡ್ ಸರಿಯಾಗೇ ಇದೆ, ಟೆಸ್ಟ್ ತಪ್ಪು. ಝಡ್ ಅಕ್ಷದ ಸುತ್ತ 120 ಡಿಗ್ರಿ ಎರಡು ಸಲ ತಿರುಗಿಸಿ ನೋಡಿ. ಒಟ್ಟು 240. ಆದರೆ ಮ್ಯಾಟ್ರಿಕ್ಸ್‌ನಿಂದ ಕೋನ ತೆಗೆದರೆ 180ರೊಳಗೇ ಸಿಗುತ್ತದೆ, ಹಾಗಾಗಿ ನಿಮ್ಮ ಫಂಕ್ಷನ್ ಅದನ್ನು ಉಲ್ಟಾ ದಿಕ್ಕಿನ 120 ಅಂತ ಓದುತ್ತದೆ. 3×3ಕ್ಕೆ ಎರಡೂ ಒಂದೇ. ಸ್ಪಿನ್-ಅರ್ಧ ಮಾತ್ರ ಅರ್ಧ ಕೋನವನ್ನು ನೋಡುತ್ತದೆ: ವ್ಯತ್ಯಾಸ 360, ಅದರ ಅರ್ಧ 180, ಅದೇ ನಿಮ್ಮ ಮೈನಸ್.

ಸುಳಿಗಾಳಿ:
ಹಾಗಾದರೆ ಪ್ರತಿ ಮ್ಯಾಟ್ರಿಕ್ಸ್‌ಗೂ ಸರಿಯಾದ ಚಿಹ್ನೆ ಆರಿಸಿಬಿಟ್ಟರೆ ಮುಗಿಯಿತಲ್ಲ?

ಬುಗುರಿ:
ಮುಗಿಯುವುದಿಲ್ಲ. ನಾನೂ ಈ ಹಳ್ಳಕ್ಕೆ ಬಿದ್ದು ಎದ್ದವನೇ. ಎಕ್ಸ್ ಸುತ್ತ 180, ವೈ ಸುತ್ತ 180 ತೆಗೆದುಕೊಳ್ಳಿ. 3×3ರಲ್ಲಿ ಯಾವುದು ಮೊದಲಾದರೂ ಫಲ ಒಂದೇ. ಸ್ಪಿನ್-ಅರ್ಧದಲ್ಲಿ ಇವು, ಒಂದು -i ಗುಣಕ ಬಿಟ್ಟರೆ, ಪೌಲಿ ಮ್ಯಾಟ್ರಿಕ್ಸ್‌ಗಳು (ಸ್ಪಿನ್-ಅರ್ಧವನ್ನು ವಿವರಿಸುವ ಮೂಲ 2×2 ಮ್ಯಾಟ್ರಿಕ್ಸ್‌ಗಳು), ಗುಣಿಸುವ ಕ್ರಮ ಬದಲಿಸಿದರೆ ಮೈನಸ್ ಬರುತ್ತದೆ. ನೀವು ಯಾವ ಚಿಹ್ನೆ ಹಾಕಿದರೂ ಅದು ಎರಡೂ ಕ್ರಮದಲ್ಲಿ ಒಂದೇ ಥರ ಬರುವುದರಿಂದ ಮೈನಸ್ ಅಲ್ಲೇ ಉಳಿಯುತ್ತದೆ. ಅಸಲಿಗೆ ಇಡೀ ಸ್ಥಿತಿಯ ಫೇಸ್ (ಮುಂದೆ ಬರುವ, ಗಾತ್ರ 1 ಇರುವ ಗುಣಕ; ಮೈನಸ್ ಕೂಡ ಅಂಥದ್ದೇ) ಬದಲಾದರೆ ಕ್ವಾಂಟಮ್ ಸ್ಥಿತಿ ಬದಲಾಗುವುದಿಲ್ಲ. ಸಮ್ಮಿತಿಯನ್ನು ಯೂನಿಟರಿ ಅಥವಾ ಆಂಟಿಯೂನಿಟರಿ (ಜೊತೆಗೆ ಕಾಂಪ್ಲೆಕ್ಸ್ ಕಾಂಜುಗೇಟ್ ಕೂಡ ಮಾಡುವ) ಆಪರೇಟರ್ ಆಗಿ ಬರೆಯಬಹುದು ಅಂತ ಭೌತವಿಜ್ಞಾನಿ ವಿಗ್ನರ್ 1931ರಲ್ಲಿ ತೋರಿಸಿದ್ದೂ ಒಂದು ಫೇಸ್ ಬಿಟ್ಟು. ಹೀಗೆ ಗುಣಾಕಾರ ಒಂದು ಫೇಸ್ ಬಿಟ್ಟು ಮಾತ್ರ ಹೊಂದುವುದಕ್ಕೇ ಪ್ರೊಜೆಕ್ಟಿವ್ ರೆಪ್ರೆಸೆಂಟೇಶನ್ ಅನ್ನುವುದು. 3×3 ಬಿಟ್ಟು ಶುರುವಿನಿಂದಲೇ ಕ್ವಾಟರ್ನಿಯನ್ (ಅರ್ಧ ಕೋನವನ್ನೇ ಹಿಡಿದಿಡುವ ನಾಲ್ಕು ಸಂಖ್ಯೆಗಳ ಗುಂಪು) ಇಟ್ಟುಕೊಳ್ಳಿ, ಅಂದರೆ ಎಸ್‌ಓ(3) (3×3 ತಿರುಗುವಿಕೆಗಳ ಗುಂಪು) ಬದಲು ಎಸ್‌ಯು(2) (ಡಿಟರ್ಮಿನೆಂಟ್ 1 ಇರುವ 2×2 ಯೂನಿಟರಿಗಳ ಗುಂಪು). ಇಲ್ಲವೇ ಟೆಸ್ಟ್‌ನಲ್ಲಿ ಚಿಹ್ನೆ ಬಿಟ್ಟು ಹೋಲಿಸಿ.

ಕಿರುಗಣ್ಣು:
ಒಂದು ಮಾತು, ಆ ಮೈನಸ್ ಬರೀ ಕಾಗದದ ಲೆಕ್ಕ ಅಂದುಕೊಳ್ಳಬೇಡಿ. 1975ರಲ್ಲಿ ನ್ಯೂಟ್ರಾನ್ ಕಿರಣವನ್ನು ಎರಡು ದಾರಿಗೆ ಸೀಳಿ, ಒಂದು ದಾರಿಯಲ್ಲಿ ಮಾತ್ರ ಕಾಂತಕ್ಷೇತ್ರದಿಂದ ಸ್ಪಿನ್ ತಿರುಗಿಸಿ, ಮತ್ತೆ ಸೇರಿಸಿ ನೋಡಿದರು. 360 ಡಿಗ್ರಿಗೆ ಚಿಹ್ನೆ ಬದಲಾಗಿತ್ತು, ಮೊದಲಿನಂತಾಗಲು 720 ಬೇಕಾಯಿತು. ಇಡೀ ಸ್ಥಿತಿಯ ಮುಂದಿನ ಮೈನಸ್ ಕಾಣುವುದಿಲ್ಲ, ಅರ್ಧಕ್ಕೆ ಮಾತ್ರ ಬಂದರೆ ಕಾಣುತ್ತದೆ.

ಸುಳಿಗಾಳಿ:
ಕ್ವಾಟರ್ನಿಯನ್ ಹಾಕಿದೆ, 1000 ಜೋಡಿಗಳೂ ಪಾಸ್! ಹಳೇ ಟೆಸ್ಟ್ ಅಳಿಸಿಲ್ಲ, ಮೈನಸ್ ಎಷ್ಟು ಸಲ ಬರುತ್ತದೆ ಅಂತ ಎಣಿಸಲು ಇಟ್ಟುಕೊಂಡಿದ್ದೇನೆ.