‘ಹೆಫರ್’ ಅಂದರೆ ಕಡಸೋ, ಮಣಕವೋ? ‘ಸ್ಟಾಕ್ ಜಡ್ಜಿಂಗ್’ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಬ್ರಿಟನ್ನಿನ ರೈತ ಮಕ್ಕಳು ದನಕರು ಸಾಕುವುದನ್ನು ಕಲಿಯುತ್ತಿದ್ದ ಯಂಗ್ ಫಾರ್ಮರ್ಸ್ ಕ್ಲಬ್‌ಗಳ ಬಗ್ಗೆ ಹಳ್ಳಿ ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳ ಕಥೆ. ದನಕರುಗಳ ಮಾತು ಬಂದಲ್ಲೆಲ್ಲ ಪದಕ್ಕಾಗಿ ತಡಕಾಡುತ್ತಿದ್ದೇನೆ. ನಿಮ್ಮ ನೆರವು ಬೇಕು.

ಈ ಕ್ಲಬ್‌ಗಳು ಹುಟ್ಟಿದ್ದೇ ಕರು ಸಾಕುವುದರಿಂದ. 1921ರಲ್ಲಿ ಡೆವನ್ ಸೀಮೆಯ ಹೆಮಿಯಾಕ್ ಎಂಬ ಊರಿನಲ್ಲಿ ಯುನೈಟೆಡ್ ಡೈರೀಸ್ ಕಂಪನಿ ತನಗೆ ಹಾಲು ಹಾಕುತ್ತಿದ್ದ ರೈತರ ಮಕ್ಕಳಿಗೆ ಕರು ಕೊಟ್ಟು ಸಾಕಿಸಿತು. ನಮ್ಮಲ್ಲೂ ಪಾಲಿಗೆ ಕರು ಕೊಡುವುದುಂಟು, ಆದರೆ ಇದು ಪಾಲಿನ ಲೆಕ್ಕವಲ್ಲ, ಕಲಿಕೆ. 1932ರ ಹೊತ್ತಿಗೆ ಈ ಸಂಘಗಳಿಗೆಲ್ಲ ಸೇರಿ ಒಂದು ರಾಷ್ಟ್ರೀಯ ಒಕ್ಕೂಟವೂ ಆಯಿತು. ಆಮೇಲೆ ಯುದ್ಧ ಬಂತು. ಹುಲ್ಲುಗಾವಲನ್ನು ಉತ್ತು ಕಾಳು ಬೆಳೆಯಿರಿ ಎಂದು ಸರ್ಕಾರವೇ ಹೇಳಿತು. ಹೊರದೇಶದ ಹಿಂಡಿ ಬರುವುದು ಕಡಿಮೆಯಾಯಿತು. ಹಂದಿ, ಕೋಳಿ ಸಾಕಣೆ ಕುಗ್ಗಿತು. ಯುದ್ಧ ಮುಗಿದರೂ ಮಾಂಸದ ರೇಷನ್ 1954ರವರೆಗೆ ಮುಗಿಯಲಿಲ್ಲ. 1947ರ ಕೃಷಿ ಕಾಯ್ದೆ ರೈತನಿಗೆ ಬೆಲೆಯ ಭರವಸೆ ಕೊಟ್ಟಿತು. ಹಾಲು, ಮಾಂಸ ಎರಡೂ ಜಾಸ್ತಿ ಬೇಕಾಗಿದ್ದ ಆ ದಿನಗಳಲ್ಲೇ ನಿಂತುಹೋಗಿದ್ದ ಕೆಲವು ಸಂಘಗಳು ಮತ್ತೆ ಶುರುವಾದವು. ಇದಕ್ಕೆ ‘ಪುನಶ್ಚೇತನ’ ಎಂದು ಬರೆಯಲು ಮನಸ್ಸಿಲ್ಲ. ಮುಚ್ಚಿದ ಕಾರ್ಖಾನೆಯ ನೆನಪಾಗುತ್ತದೆ. ‘ಮರುಚಿಗುರು’ ಎಂದಿಟ್ಟುಕೊಂಡಿದ್ದೇನೆ.

ಹೆಸರಿನದೂ ಒಂದು ತೊಡಕಿದೆ. ‘ಯುವ ರೈತ ಸಂಘ’ ಎಂದರೆ ನಮ್ಮ ಓದುಗರಿಗೆ ಹಸಿರು ಶಾಲು, ಧರಣಿ ಕಣ್ಣಿಗೆ ಬರುತ್ತದೆ. ‘ಕ್ಲಬ್ಬು’ ಎಂದರೆ ಇಸ್ಪೀಟು. ಅಲ್ಲಿನ ಸದಸ್ಯರಲ್ಲಿ ಹತ್ತು ವರ್ಷದ ಮಕ್ಕಳೂ ಇದ್ದರು, ಹುಡುಗಿಯರೂ ಇದ್ದರು. ಹಾಗಾಗಿ ‘ಯುವಕ ಮಂಡಳಿ’ಯೂ ಹೊಂದುವುದಿಲ್ಲ. ‘ಎಳೆಯ ರೈತರ ಕೂಟ’ ಸರಿ ಕೇಳುತ್ತದೆ, ಅಲ್ವಾ?

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಹೆಫರ್ ಎಂದರೆ ಇನ್ನೂ ಈಯದ ಹಸು. ನಮ್ಮ ಮನೆಯಲ್ಲಿ ಇದಕ್ಕೆ ‘ಕಡಸು’ ಎನ್ನುತ್ತೇವೆ. ಎಮ್ಮೆಯದಾದರೆ ಮಾತ್ರ ನಮ್ಮಮ್ಮ ‘ಮಣಕ’ ಎನ್ನುತ್ತಾರೆ. ಆದರೆ ಹಸುವಿಗೂ ಮಣಕ ಎನ್ನುವವರನ್ನು ಕಂಡಿದ್ದೇನೆ. ಇಲ್ಲಿಗೇ ಮುಗಿದಿದ್ದರೆ ಕಡಸು ಎಂದು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಅಲ್ಲಿನ ರೈತರು ಮೊದಲ ಕರು ಹಾಕಿದ ಮೇಲೂ ಅದನ್ನು ಹೆಫರ್ ಎಂದೇ ಕರೆಯುವುದುಂಟು. ಎರಡನೇ ಕರು ಹಾಕಿದ ಮೇಲೆ ಅದು ಪೂರ್ತಿ ಹಸು. ನಮ್ಮಲ್ಲಿ ಈದ ದಿನವೇ ಕಡಸು ಹಸುವಾಗುತ್ತದೆ. ‘ಚೊಚ್ಚಲು’ ಅನ್ನುತ್ತೇವೆ, ‘ಮೊದಲ ಸೂಲಿನದು’ ಅನ್ನುತ್ತೇವೆ. ಹಾಗಾದರೆ ಒಂದೇ ಇಂಗ್ಲಿಷ್ ಪದಕ್ಕೆ ಜಾಗ ನೋಡಿ ಎರಡು ಕನ್ನಡ ಪದ ಬಳಸಬೇಕು. ನನಗೆ ಇದು ಕನ್ನಡದ ಬಡತನವಾಗಿ ಕಾಣುವುದಿಲ್ಲ. ಕೊಟ್ಟಿಗೆಯ ವಿಷಯದಲ್ಲಿ ನಮ್ಮ ಕನ್ನಡವೇ ಹೆಚ್ಚು ಖಚಿತ.

‘ಸ್ಟೀರ್’ ಪದದಲ್ಲಿ ಮಾತ್ರ ಸೋತಿದ್ದೇನೆ. ಬೀಜ ಒಡೆಸಿದ ಗಂಡುದನ ನಮಗೆ ಎತ್ತು. ಎತ್ತು ಅಂದ ಕೂಡಲೇ ನೊಗ, ನೇಗಿಲು, ಗಾಡಿ ಕಣ್ಣಿಗೆ ಬರುತ್ತವೆ. ಅಲ್ಲಿ ಅದನ್ನು ಸಾಕುವುದು ಮಾಂಸಕ್ಕೆ. ‘ಬೀಜ ಒಡೆಸಿದ ಹೋರಿ’ ಎಂದು ಉದ್ದವಾಗಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಗೊತ್ತೇ?

ಕೊನೆಯದು ‘ಸ್ಟಾಕ್ ಜಡ್ಜಿಂಗ್’. ಈ ಕೂಟಗಳ ಜೀವವೇ ಇದು. ನಾಲ್ಕು ದನಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅವುಗಳ ಗುರುತು ಎ, ಬಿ, ಎಕ್ಸ್, ವೈ. ಹುಡುಗ ಅಥವಾ ಹುಡುಗಿ ಸುತ್ತಿ ಬಂದು ನೋಡಬೇಕು, ಯಾವುದು ಮೊದಲು, ಯಾವುದು ಕೊನೆ ಎಂದು ಬರೆದುಕೊಡಬೇಕು. ಆಮೇಲೆ ತೀರ್ಪುಗಾರರ ಎದುರು ನಿಂತು ಕಾರಣ ಹೇಳಬೇಕು: ಇದರ ಬೆನ್ನು ನೇರವಾಗಿದೆ, ಅದರ ಕೆಚ್ಚಲು ಜೋತಿದೆ, ಇನ್ನೊಂದರ ಹಿಂಗಾಲು ಸರಿಯಿಲ್ಲ. ಕಾರಣ ಹೇಳುವುದಕ್ಕೂ ಅಂಕ ಉಂಟು.

‘ಜಾನುವಾರು ತೀರ್ಪುಗಾರಿಕೆ’ ಎಂದರೆ ಮಕ್ಕಳು ಮುಂದೆ ಓದುವುದೇ ಇಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವ ನಮ್ಮ ಕಡೆಯ ಹಿರಿಯರು ‘ರಾಸು ನೋಡೋದು’ ಅನ್ನುತ್ತಾರೆ. ರಾಸು ಅಂದರೆ ದನ. ಬಾಯಿ ತೆರೆದು ಹಲ್ಲು ಎಣಿಸುತ್ತಾರೆ, ನಡೆಸಿ ನೋಡುತ್ತಾರೆ, ಮೈಮೇಲಿನ ಕೂದಲ ಸುಳಿ ನೋಡುತ್ತಾರೆ. ಸುಳಿಯನ್ನು ಬಿಟ್ಟರೆ ಉಳಿದ ಕೆಲಸ ಎರಡು ಕಡೆಯೂ ಹತ್ತಿರ ಹತ್ತಿರ ಒಂದೇ. ಅದಕ್ಕೇ ‘ರಾಸುನೋಟದ ಪಂದ್ಯ’ ಎಂದು ಬರೆಯಬೇಕೆಂದಿದ್ದೇನೆ.

ರಾಸು ಎಂಬ ಮಾತು ಧಾರವಾಡ, ಕಲಬುರಗಿ ಕಡೆಯ ಮಕ್ಕಳಿಗೆ ತಿಳಿಯುತ್ತದೆಯೇ? ಅಲ್ಲಿ ಕೊಳ್ಳುವ ಮೊದಲು ದನವನ್ನು ಹೀಗೆ ಅಳೆದು ನೋಡುವುದಕ್ಕೆ ಏನನ್ನುತ್ತೀರಿ? ಕರಾವಳಿಯವರು, ಮಲೆನಾಡಿನವರು ಕಡಸು, ಮಣಕ ಎರಡನ್ನೂ ಬಳಸುತ್ತೀರಾ, ಯಾವುದು ಯಾವುದಕ್ಕೆ? ಮನೆಯಲ್ಲಿ ದನ ಕಟ್ಟಿದವರು ದಯವಿಟ್ಟು ಬರೆಯಿರಿ. ನಿಘಂಟು ನೋಡಿದ್ದೇನೆ. ನನಗೆ ಬೇಕಿರುವುದು ಕೊಟ್ಟಿಗೆಯಲ್ಲಿ ಆಡುವ ಮಾತು.