ಸಹಾಯ ಬೇಕು: ಟ್ಯಾಲಿಯಲ್ಲಿ ಹಳೆಯ ಜರ್ನಲ್ ಎಂಟ್ರಿ ತಿದ್ದಬೇಕಾ, ಹೊಸದು ಹಾಕಬೇಕಾ?

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್, ಎಡಿಟ್ ಲಾಗ್ (ಎಂಟ್ರಿಗಳಲ್ಲಿ ಮಾಡಿದ ಬದಲಾವಣೆಗಳ ದಾಖಲೆ) ಆನ್ ಇದೆ.

ನಾನು ಸೇರುವ ಮೊದಲೇ, ಮೇ ತಿಂಗಳಲ್ಲಿ, ಸಾಲಕ್ಕೆ ಕೊಂಡ ಕಂಪ್ಯೂಟರನ್ನು ಜರ್ನಲ್‌ನಲ್ಲಿ (ಎಫ್7) ಹೀಗೆ ಹಾಕಿದ್ದಾರೆ: ರಿಪೇರಿ ಖರ್ಚು ಡೆಬಿಟ್ 50,000, ಸಿಜಿಎಸ್‌ಟಿ 4,500, ಎಸ್‌ಜಿಎಸ್‌ಟಿ 4,500, ಸಪ್ಲೈಯರ್ ಕ್ರೆಡಿಟ್ 59,000. ಡೆಬಿಟ್, ಕ್ರೆಡಿಟ್ ಮೊತ್ತ ಸರಿಹೊಂದಿದೆ, ಆದರೆ ಆಸ್ತಿ ಖರ್ಚಿಗೆ ಹೋಗಿ ಕೂತಿದೆ. ಲಾಭ ಅಷ್ಟು ಕಡಿಮೆ ಕಾಣುತ್ತದೆ, ಡಿಪ್ರಿಸಿಯೇಷನ್ನೂ (ಆಸ್ತಿಯ ಸವಕಳಿ) ಬರಲ್ಲ. ಆ ತಿಂಗಳ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-3ಬಿ) ಫೈಲ್ ಆಗಿದೆ. ತೆರಿಗೆ ಮೊತ್ತ ಸರಿಯಾಗಿದೆ.

ಡೇ ಬುಕ್‌ನಿಂದ ಹಳೆಯ ವೋಚರ್ ತೆರೆದು ಲೆಡ್ಜರ್ ಮಾತ್ರ ಬದಲಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಆಡಿಟ್ ಟ್ರೇಲ್ (ಪ್ರತಿ ಬದಲಾವಣೆಯ ಜಾಡು ಉಳಿಸೋದು) ಕಡ್ಡಾಯ ಅಲ್ವಾ? ಬದಲಾವಣೆ ಲಾಗ್‌ನಲ್ಲಿ ಉಳಿಯುತ್ತದೆ. ತಪ್ಪೇನಲ್ಲ, ಆದರೂ ನನಗೆ ಹೊಸ ಜರ್ನಲ್ ಹಾಕೋದೇ ವಾಸಿ ಅನಿಸುತ್ತದೆ: ಕಂಪ್ಯೂಟರ್ ಡೆಬಿಟ್ 50,000, ರಿಪೇರಿ ಖರ್ಚು ಕ್ರೆಡಿಟ್ 50,000, ನರೇಷನ್‌ನಲ್ಲಿ ಹಳೆಯ ವೋಚರ್ ನಂಬರ್. ಆಲ್ಟ್ ಡಿ ಒತ್ತಿ ಡಿಲೀಟ್ ಮಾಡಿ ಅಂತ ಒಬ್ಬರು ಹೇಳಿದರು. ಅದು ಬೇಡವೇ ಬೇಡ, ವೋಚರ್ ನಂಬರ್ ಸರಣಿ ಕೆಡಬಹುದು.

ನನ್ನ ಪ್ರಶ್ನೆ: ಹೊಸ ಜರ್ನಲ್‌ಗೆ ಇವತ್ತಿನ ತಾರೀಕು ಹಾಕಿದರೆ, ಡಿಪ್ರಿಸಿಯೇಷನ್ ಮಾತ್ರ ಮೇ ತಿಂಗಳಲ್ಲಿ ಬಳಕೆ ಶುರುವಾದ ದಿನದಿಂದ ಲೆಕ್ಕ ಹಾಕಬಹುದಲ್ವಾ? ನಿಮ್ಮ ಆಡಿಟರ್‌ಗಳು ಇಂಥದ್ದಕ್ಕೆ ಯಾವ ದಾಖಲೆ ಕೇಳುತ್ತಾರೆ, ಬಿಲ್ ಪ್ರತಿ ಸಾಕಾ? ಇದೇ ವರ್ಷದ ಎಂಟ್ರಿ, ಪುಸ್ತಕ ಇನ್ನೂ ಮುಚ್ಚಿಲ್ಲ. ಗೊತ್ತಿದ್ದವರು ಹೇಳಿ, ಪ್ಲೀಸ್.